ಕುಮುದಾ ಮೇಡಂ ಮಾಡಿದ ಅಂಟು

ಸೀತಾರಾಮ ಅವರೇ, ಶರ್ವರಿ, ಹುನಗುಂದ ಮನೆತನದ ಹಿರಿಯರೇ, ಮಲ್ಕಾಜ್‌ಗಿರಿಯಿಂದ ಬಂದಿರುವ ನೆರೆಹೊರೆಯವರೇ, ನಮ್ಮ ಶೆಡ್ಡಿನ ಗೆಳೆಯರೇ — ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತಿರುವವರು ದಯವಿಟ್ಟು ಒಳಗೆ ಬನ್ನಿ, ಈ ಕಡೆ ಕುರ್ಚಿಗಳಿವೆ. ಕನ್ನಡ ಬಾರದ ಗೆಳೆಯರೂ ಬಂದಿದ್ದೀರಿ. ಮೇಡಂ ನಿಮ್ಮ ಜೊತೆ ತೆಲುಗು, ಹಿಂದಿ ಎರಡನ್ನೂ ಕಲಸಿ ಸರಾಗವಾಗಿ ಮಾತಾಡುತ್ತಿದ್ದರು. ನನಗೆ ಆ ಹದ ಬರುವುದಿಲ್ಲ. ಪಕ್ಕದಲ್ಲಿ ಕೂತವರು ಸ್ವಲ್ಪ ತಿಳಿಸಿ ಹೇಳಿ.

ನಾನು ಕೇದಾರ. ಊರು ಮೈಸೂರು, ಈಗ ಇರುವುದು ಮಣಿಕೊಂಡದಲ್ಲಿ. ಯಂತ್ರಗಳ ಕೆಲಸದವನು. ಡಾ. ಕುಮುದಾ ಹುನಗುಂದ ಅವರ ಜೊತೆ ಅವರ ಶೆಡ್ಡಿನಲ್ಲಿ ಮೊದಲಿನಿಂದ ಕೊನೆಯವರೆಗೆ ಕೆಲಸ ಮಾಡಿದವನು.

ಈಗಷ್ಟೇ ಬಾಗಿಲಲ್ಲಿ ಮೇಡಂ ಅವರ ಯಜಮಾನರು ಸೀತಾರಾಮ ಅವರು ನನ್ನ ಕೈ ಹಿಡಿದು ಒಂದು ಮಾತು ಹೇಳಿದರು. "ಕೇದಾರ್ರಿ, ದೇವತಿ ಆಗಿದ್ಲು, ತ್ಯಾಗಮಯಿ ಆಗಿದ್ಲು ಅಂತೆಲ್ಲಾ ಹೇಳಬ್ಯಾಡ್ರಿ. ಭಾಳ ಹಟದಾಕಿ. ಏನ್ ಮಾಡಿದ್ಲು, ಅದನ್ನ ಹೇಳ್ರಿ, ಸಾಕು."

ಆಗಲಿ. ಅದನ್ನೇ ಹೇಳುತ್ತೇನೆ.

ಮೇಡಂ ಅವರ ತಂದೆ ಕಲಬುರಗಿ ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಇಲ್ಲಿಗೆ ಬಂದವರು. ಮಗಳು ಓದಿದ್ದು ರಸಾಯನಶಾಸ್ತ್ರ. ಈ ಊರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ — ಹೆಸರು ಬೇಡ — ಅವರು ಬಹಳ ವರ್ಷ ಮುಖ್ಯ ಕೆಮಿಸ್ಟ್ ಆಗಿದ್ದರು. ಅಲ್ಲಿ ಹಾಸಿಗೆಗೆ, ಸೋಫಾಗೆ ಫೋಮ್ ಮಾಡುತ್ತಿದ್ದರು. ಫೋಮ್ ಎಂದರೆ ನಾವೆಲ್ಲ ಮೆತ್ತಗಿನ ವಸ್ತು ಎಂದುಕೊಂಡಿದ್ದೇವೆ. ಮೆತ್ತಗಾಗುವ ಮುಂಚೆ ಅದು ಎರಡು ದ್ರವ. ಎರಡನ್ನೂ ಕಲಸಿದರೆ ನೋಡನೋಡುತ್ತಲೇ ಉಬ್ಬಿ, ಉಬ್ಬಿ, ಆಳೆತ್ತರ ನಿಲ್ಲುತ್ತದೆ. ಆ ಎರಡರಲ್ಲಿ ಒಂದಕ್ಕೆ ಟಿಡಿಐ ಅನ್ನುತ್ತಾರೆ. ಅದರ ಹಬೆ ಎದೆಗೆ ಒಳ್ಳೆಯದಲ್ಲ. ಕೆಲವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಒಮ್ಮೆ ಒಗ್ಗದೆ ಹೋದರೆ ಆಮೇಲೆ ಜನ್ಮವಿಡೀ ಒಗ್ಗುವುದಿಲ್ಲ — ಒಂದಿಷ್ಟು ತಾಕಿದರೂ ಉಸಿರು ಕಟ್ಟುತ್ತದೆ, ಬೇರೆ ಘಾಟೂ ತಡೆಯುವುದಿಲ್ಲ.

ಮೇಡಂಗೆ ಹಾಗೆ ಆಯಿತು. ಮೊದಲು ಕೆಮ್ಮು. ಆಮೇಲೆ ಮೆಟ್ಟಿಲು ಹತ್ತುವಾಗ ಏದುಸಿರು. ಡಾಕ್ಟರು ಪರೀಕ್ಷೆ ಮಾಡಿ, "ನಿಮ್ಮ ಕೆಲಸವೇ ನಿಮ್ಮ ಕಾಯಿಲೆ" ಎಂದರು.

ಕಾರ್ಖಾನೆಯವರು ಕೆಟ್ಟವರಲ್ಲ. ಆಡಳಿತ ಕಟ್ಟಡದ ಮೇಲಿನ ಮಹಡಿಯಲ್ಲಿ ಎ.ಸಿ. ಕೋಣೆ ಕೊಡುತ್ತೇವೆ, ಸಂಬಳ ಅಷ್ಟೇ ಇರುತ್ತದೆ ಎಂದರು. ಯಾರಾದರೂ ಒಪ್ಪಿಕೊಳ್ಳುತ್ತಿದ್ದರು. ಮೇಡಂ ಎದುರಿನವರನ್ನು ಕೇಳಿದರಂತೆ — "ನನ್ನ ಕುರ್ಚಿ ಮ್ಯಾಲಕ್ಕ ಸರಸ್ತೀರಿ, ಭಾಳ ಉಪಕಾರ ಆತು. ಆ ಮಷೀನ್ ಮುಂದ ನಿಂತವ್ರನ್ನ ಎಲ್ಲಿಗೆ ಸರಸ್ತೀರಿ?"

ಮೇಡಂ ರಾಜೀನಾಮೆ ಕೊಟ್ಟರು.

ಮನೆಯಲ್ಲಿ ಸೀತಾರಾಮ ಅವರಿಗೆ ಸಮಾಧಾನವಾಯಿತಂತೆ. ಇನ್ನಾದರೂ ಆರಾಮಾಗಿರುತ್ತಾಳೆ ಎಂದು. ಅಲ್ಲವಾ ಸರ್? — ನಗುತ್ತಿದ್ದಾರೆ ನೋಡಿ. ಒಂದು ತಿಂಗಳು ಕಳೆದಿರಲಿಲ್ಲ, ಮೇಡಂ ಚರ್ಲಪಲ್ಲಿಯಲ್ಲಿ ಒಂದು ಹಳೆಯ ಶೆಡ್ಡು ನೋಡಿ ಬಂದರು. ಸೀತಾರಾಮ ಅವರು, "ನೀ ಮನ್ಯಾಗ ಕೂತ್ರ ಉಸಿರಾದ್ರೂ ಸರಿ ಬರ್ತೈತಿ" ಎಂದರೆ, ಈಕೆ, "ಉಸಿರು ಬರ್ತೈತ್ರಿ. ನಿದ್ದಿ ಬರಂಗಿಲ್ಲ" ಎಂದರಂತೆ.

ನಾನು ಅವರನ್ನು ಮೊದಲು ಕಂಡದ್ದು ಆ ಶೆಡ್ಡಿನಲ್ಲೇ. ಹಳೆಯದೊಂದು ಹಾಟ್ ಪ್ರೆಸ್ ರಿಪೇರಿಗೆ ಕರೆದಿದ್ದರು. ಪ್ಲೈವುಡ್ ಮಾಡುವಾಗ ತೆಳ್ಳಗಿನ ಮರದ ಹಾಳೆಗಳಿಗೆ ಅಂಟು ಹಚ್ಚಿ, ಬಿಸಿಯಲ್ಲಿ ಒತ್ತುವ ಯಂತ್ರ ಅದು. ಒಳಗೆ ಕಾಲಿಟ್ಟೆ. ಒಂದು ಮೂಲೆಯಲ್ಲಿ ಜೋಳದ ದಂಟಿನ ರಾಶಿ. ಇನ್ನೊಂದು ಮೂಲೆಯಲ್ಲಿ ಹುಣಸೆ ಬೀಜದ ಚೀಲಗಳು. ನಡುವೆ ಸೀರೆಯ ಮೇಲೆ ಬಿಳಿ ಕೋಟು ಹಾಕಿಕೊಂಡ ಒಬ್ಬ ಹೆಂಗಸು ದೊಡ್ಡ ಪಾತ್ರೆಯಲ್ಲಿ ಏನನ್ನೋ ಮಗುಚುತ್ತಿದ್ದಾರೆ. ನಾನು ಅಡುಗೆ ಗುತ್ತಿಗೆಯವರ ಜಾಗಕ್ಕೆ ಬಂದೆನೋ ಎಂದು ಹೊರಗೆ ಹೋಗಿ ಬೋರ್ಡು ನೋಡಿ ಬಂದೆ!

ಅವರು ಒಂದು ದಂಟು ತೆಗೆದು, ಹೀಗೆ ಮುರಿದು, ಸಿಪ್ಪೆ ಸುಲಿದು, ಒಳಗಿನ ಬಿಳಿ ಬೆಂಡನ್ನು ನನ್ನ ಅಂಗೈಯಲ್ಲಿಟ್ಟರು. "ಒತ್ರಿ" ಎಂದರು. ಒತ್ತಿದೆ. "ಬಿಡ್ರಿ" ಎಂದರು. ಬಿಟ್ಟೆ. ಬೆಂಡು ಮೆಲ್ಲಗೆ ಮತ್ತೆ ಉಬ್ಬಿತು. "ಇದಕ್ಕ ಏನಂತೀರಿ? ಫೋಮ್ ಅಲ್ಲೇನು? ಹೊಲದಾಗ ತಾನ ಆಗೈತಿ. ಯಾರ ಎದಿಗೂ ಏನೂ ಆಗಿಲ್ಲ. ನಮಗ ಇದನ್ನ ಕೂಡ್ಸಿ ಹಿಡಿಯೋ ಅಂಟು ಬೇಕಾಗೈತಿ, ಅಷ್ಟ."

ಅಷ್ಟೇ! ಆ "ಅಷ್ಟ" ಅನ್ನುವ ಒಂದು ಮಾತಿಗೆ ಎಷ್ಟು ವರ್ಷ ಹಿಡಿಯಿತು ಎನ್ನುವುದು ಇಲ್ಲಿ ಕೂತಿರುವ ಶೆಡ್ಡಿನವರಿಗೆಲ್ಲ ಗೊತ್ತು.

ನಮ್ಮ ಮನೆಗಳ ಕಪಾಟು, ಮೇಜು, ಮಂಚಗಳಲ್ಲಿ ಮರಕ್ಕಿಂತ ಅಂಟೇ ಹೆಚ್ಚು ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಆ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಹೊಸ ಕಪಾಟಿನ ಬಾಗಿಲು ತೆರೆದರೆ ಕಣ್ಣು ಚುರುಗುಟ್ಟುತ್ತದಲ್ಲ — ಅದೇ. ಅಗ್ಗ, ಗಟ್ಟಿ, ನೀರಿಗೆ ಜಗ್ಗುವುದಿಲ್ಲ. ಅದಕ್ಕೆ ಬದಲಾಗಿ ಗಿಡದಿಂದ ಅಂಟು ಮಾಡಬೇಕು. ಹುಣಸೆ ಬೀಜದ ಹಿಟ್ಟು, ಸೋಯಾ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ, ಗಂಜಿ — ಇವೆಲ್ಲ ಚೆನ್ನಾಗಿ ಅಂಟುತ್ತವೆ. ಒಣಗಿದಾಗ ಕಲ್ಲು. ಆದರೆ ಮಳೆ ಬಂತೋ — ಮುಗಿಯಿತು.

ನಮ್ಮ ಮೊದಲ ಮಳೆಗಾಲ ನೆನಪಿದೆ. ಬೇಸಿಗೆಯಲ್ಲಿ ಮಾಡಿಟ್ಟ ಪ್ಲೈವುಡ್ ಬೋರ್ಡುಗಳೆಲ್ಲ ಪುಸ್ತಕದ ಹಾಳೆಗಳ ಹಾಗೆ ಬಿಚ್ಚಿಕೊಂಡವು. ಬೆಂಡಿನಿಂದ ಮಾಡಿದ ಪ್ಯಾಕಿಂಗ್ ಇಟ್ಟಿಗೆಗಳ ಮೇಲೆ ಕಪ್ಪು ಬೂಷ್ಟು. ಶೆಡ್ಡಿನ ತುಂಬ ಹುಳಿ ವಾಸನೆ. ನಾವೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದೇವೆ. ಮೇಡಂ ಒಳಗೆ ಬಂದು, ಒಂದು ಸಲ ಮೂಗು ಎಳೆದು, "ಹಿಟ್ಟು ಚಲೋ ಹುಳಿ ಬಂದೈತಿ. ಉಪ್ಪು ಹಾಕ್ರಿ, ದೋಸಿ ಹುಯ್ಯೋಣು" ಎಂದರು. ನಕ್ಕೆವು. ನಕ್ಕು ಮುಗಿಯುವಷ್ಟರಲ್ಲಿ ಅವರು ಹಾಳಾದ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಯಾವುದು ಎಲ್ಲಿಂದ ಬಿಚ್ಚಿಕೊಂಡಿದೆ ಎಂದು ನೋಡಲು ಶುರು ಮಾಡಿದ್ದರು.

ಇನ್ನು ನಾನು ಹೇಳಬೇಕಾದ ಒಂದು ಸಂಗತಿ ಇದೆ. ಅದನ್ನು ಹೇಳಲೋ ಬೇಡವೋ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೆ. ಕೌಸ್ತುಭ ಅವರೇ ಫೋನ್ ಮಾಡಿ, "ಹೇಳ್ರಿ. ಅದನ್ನ ಬಿಟ್ಟು ಅಕ್ಕಾರ ಬಗ್ಗೆ ಹೇಳಾಕ ಬರಂಗಿಲ್ಲ" ಎಂದರು. ಕೌಸ್ತುಭ ಅವರು ಇಲ್ಲೇ ಕೂತಿದ್ದಾರೆ. ನಮ್ಮ ಶೆಡ್ಡಿನ ಪಾಲುದಾರರಾಗಿದ್ದವರು. ಮೇಡಂ ಪ್ರಯೋಗ ಮಾಡಿದರೆ, ವ್ಯಾಪಾರ ನೋಡಿಕೊಂಡು ಎಲ್ಲರ ಮನೆ ಒಲೆ ಉರಿಯುವಂತೆ ಮಾಡಿದವರು ಇವರು.

ಹೆಣ್ಣುಮಕ್ಕಳ ಒಂದು ಹಾಸ್ಟೆಲಿಗೆ ಮಂಚ, ಓದುವ ಮೇಜುಗಳಿಗೆ ಬೋರ್ಡು ಬೇಕಾಗಿತ್ತು. ದೊಡ್ಡ ಕೆಲಸ. ಅಲ್ಲಿನ ಮೇಲ್ವಿಚಾರಕಿ ವನಜಾ ಅವರು ಹೊಸ ಫರ್ನಿಚರ್ ಬಂದಾಗಲೆಲ್ಲ ಹುಡುಗಿಯರು ಕಣ್ಣುರಿ, ತಲೆನೋವು ಎನ್ನುವುದನ್ನು ನೋಡಿದ್ದರು. ಗಿಡದ ಅಂಟು ಎಂದು ಕೇಳಿ ತಾವಾಗಿಯೇ ನಮ್ಮನ್ನು ಹುಡುಕಿಕೊಂಡು ಬಂದಿದ್ದರು. ಅವರದ್ದು ಒಂದೇ ಷರತ್ತು — ಬೋರ್ಡು ನೀರಿನ ಪರೀಕ್ಷೆ ಗೆಲ್ಲಬೇಕು. ನಮ್ಮ ಬೋರ್ಡು ಇನ್ನೂ ಗೆಲ್ಲುತ್ತಿರಲಿಲ್ಲ.

ಆಗ ಕೌಸ್ತುಭ ಅವರು ಒಂದು ದಾರಿ ಹುಡುಕಿದರು. ನಮ್ಮ ಅಂಟಿಗೆ ಪೇಟೆಯ ಮಾಮೂಲಿ ಫಾರ್ಮಾಲ್ಡಿಹೈಡ್ ಅಂಟನ್ನು ಸ್ವಲ್ಪ ಬೆರೆಸಿದರು. ಸ್ವಲ್ಪವೇ. ಬೋರ್ಡು ಪರೀಕ್ಷೆ ಗೆದ್ದಿತು. ಮೇಲೆ "ಶುದ್ಧ ಸಸ್ಯಜನ್ಯ" ಎನ್ನುವ ಚೀಟಿ ಹಾಗೆಯೇ ಉಳಿಯಿತು. ಯಾರಿಗೂ ಹೇಳಲಿಲ್ಲ.

ನಾನು ಆ ವಾರ ಯಂತ್ರದ ಭಾಗ ತರಲು ಕೊಯಮತ್ತೂರಿಗೆ ಹೋಗಿದ್ದೆ. ಬೆಳಿಗ್ಗೆ ರೈಲಿಳಿದು ನೇರ ಶೆಡ್ಡಿಗೆ ಬಂದೆ. ಕೆಲವು ದಿನ ಮನೆಯಲ್ಲೇ ಉಳಿದಿದ್ದ ಮೇಡಂ ಕೂಡ ಆಗಲೇ ಆಟೋ ಇಳಿಯುತ್ತಿದ್ದರು. ಇಬ್ಬರೂ ಒಟ್ಟಿಗೆ ಒಳಗೆ ಹೋದೆವು. ಪ್ರೆಸ್ಸಿನಿಂದ ಬಿಸಿ ಬೋರ್ಡು ಆಗತಾನೇ ಹೊರಬಂದಿತ್ತು. ಮೇಡಂ ಅದರ ಹತ್ತಿರ ಹೋದರು — ಬಗ್ಗಿದರು — ಹಾಗೆಯೇ ನಿಂತುಬಿಟ್ಟರು. ಎದೆಯ ಮೇಲೆ ಕೈ. ಮುಖ ಕಪ್ಪಿಟ್ಟಿತು. ಇನ್ನೊಂದು ಕೈ ಬ್ಯಾಗಿನಲ್ಲಿ ಇನ್‌ಹೇಲರ್ ಹುಡುಕುತ್ತಿದೆ, ಸಿಗುತ್ತಿಲ್ಲ. ನಾನು ಹೊರಗೆ ಕರೆದುಕೊಂಡು ಹೋಗಿ ಬೇವಿನ ಮರದ ಕೆಳಗೆ ಕೂರಿಸಿ, ಇನ್‌ಹೇಲರ್ ಹುಡುಕಿ ಕೊಟ್ಟೆ. ಕೌಸ್ತುಭ ಅವರೂ ಹಿಂದೆಯೇ ಓಡಿ ಬಂದರು. ಬಹಳ ಹೊತ್ತಿನ ಮೇಲೆ ಮಾತು ಬಂತು. ಮೊದಲ ಮಾತು — "ಕೌಸ್ತುಭ್, ಅದರೊಳಗ ಏನ್ ಹಾಕೀರಿ?"

ಕೌಸ್ತುಭ ಅವರು ಸುಳ್ಳು ಹೇಳಲಿಲ್ಲ. "ಅಕ್ಕಾರ, ಇಷ್ಟ ಇಷ್ಟು ಹಾಕೀನಿ. ಬ್ಯಾರೆಯವ್ರು ಹಾಕೋದರಾಗ ಕಾಲುಭಾಗನೂ ಇಲ್ಲ. ಈ ಆರ್ಡರ್ ಹೋದ್ರ ಶೆಡ್ಡಿಗೆ ಬೀಗ ಹಾಕೋದ. ಒಮ್ಮೆ ನಿಂತ್ಕೊಳ್ಳೋಣು, ಆಮ್ಯಾಲ ನಿಮ್ಮ ಖರೇ ಅಂಟು ಮಾಡ್ರಿ, ಯಾರ್ ಬ್ಯಾಡ ಅಂತಾರ?"

"ಕಡಿಮಿ ಹಾಕೀರಿ, ಖರೇ. ಹಂಗಂತ ಚೀಟಿ ಮ್ಯಾಲ ಬರ್ದೀರೇನು?"

"ಬರ್ದ್ರ ಯಾರ್ ತಗೋತಾರ್ರಿ ಅಕ್ಕಾರ?"

"ಅದ ನೋಡ್ರಿ," ಎಂದರು ಮೇಡಂ. ಅವರು ಕೂಗಲಿಲ್ಲ. ಕೂಗುವಷ್ಟು ಉಸಿರೂ ಇರಲಿಲ್ಲ. "ತಗೊಳ್ಳಂಗಿಲ್ಲ ಅಂತ ಗೊತ್ತೈತಿ, ಅದಕ್ಕ ಬರ್ದಿಲ್ಲ. ಆ ಹುಡುಗ್ಯಾರು ಅದರ ಮ್ಯಾಲ ಮುಖ ಇಟ್ಟು ಮಲಗ್ತಾರ, ಕೌಸ್ತುಭ್."

ಮರುದಿನ ವನಜಾ ಅವರು ಬೋರ್ಡು ನೋಡಲು ಬಂದರು. ಎಲ್ಲರೂ ಸುತ್ತ ನಿಂತಿದ್ದೇವೆ. ಬೋರ್ಡು ಬಹಳ ಚೆನ್ನಾಗಿ ಬಂದಿತ್ತು, ಅದನ್ನು ಒಪ್ಪಿಕೊಳ್ಳಬೇಕು. ವನಜಾ ಅವರು ಕೈಯಾಡಿಸಿ, ಮೆಚ್ಚಿಕೊಂಡು, "ಚಾಲಾ ಬಾಗುಂದಿ", ಬಹಳ ಚೆನ್ನಾಗಿದೆ, ಎಂದರು. ಆಗ ಮೇಡಂ ಮುಂದೆ ಬಂದು, ತೆಲುಗಿನಲ್ಲೇ, ಎಲ್ಲರ ಎದುರಿಗೇ ಹೇಳಿದರು — ಇದು ನಾವು ಹೇಳಿದ ವಸ್ತು ಅಲ್ಲ. ಇದರಲ್ಲಿ ಪೇಟೆಯ ಅಂಟು ಬೆರೆತಿದೆ. ನಮ್ಮ ಅಂಟು ಇನ್ನೂ ನೀರಿನ ಪರೀಕ್ಷೆ ಗೆದ್ದಿಲ್ಲ. ಗೆದ್ದ ದಿನ ನಾನೇ ಬಂದು ಹೇಳುತ್ತೇನೆ.

ವನಜಾ ಅವರು ಒಮ್ಮೆ ಮೇಡಂ ಮುಖ ನೋಡಿದರು, ಕಾರು ಹತ್ತಿದರು, ಹೋದರು.

ಆರ್ಡರ್ ಹೋಯಿತು. ಕೌಸ್ತುಭ ಅವರು ಹೊರಟುಹೋದರು. ನಮ್ಮಲ್ಲಿ ಅರ್ಧದಷ್ಟು ಜನ ಬೇರೆ ಕೆಲಸ ಹುಡುಕಿಕೊಂಡರು. ತಪ್ಪಲ್ಲ, ಮನೆ ನಡೆಯಬೇಕಲ್ಲ. ಉಳಿದ ನಮ್ಮನ್ನು ಮೇಡಂ ಕೂರಿಸಿಕೊಂಡು, "ಹೋಗೋರು ಹೋಗ್ಬೋದು, ನಾ ಸಿಟ್ಟಾಗಂಗಿಲ್ಲ. ಇರೋರು ನಾಳೆ ಲಗೂನ ಬರ್ರಿ, ಕೆಲಸ ಭಾಳ ಐತಿ" ಎಂದರು. ನಾನು ಇದ್ದೆ. ಯಾಕೆ ಇದ್ದೆ ಎಂದು ಯಾರಾದರೂ ಕೇಳಿದರೆ ಇದೇ ಉತ್ತರ — ಹಾಗೆ ಎಲ್ಲರ ಎದುರು ನಿಂತು ತಮ್ಮದೇ ಬೋರ್ಡನ್ನು ಬೇಡ ಎನ್ನುವವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಆಮೇಲಿನ ದಿನಗಳು ಸುಲಭದವಲ್ಲ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಡಂ ಬೇರೆಬೇರೆ ತೊಗಟೆಗಳನ್ನು ಕುದಿಸಿ ಅವುಗಳ ಒಗರು ರಸ ತೆಗೆಯತೊಡಗಿದರು. ಚರ್ಮ ಹದ ಮಾಡುವವರು ಜಾಲಿ ಮರದ ತೊಗಟೆ ಬಳಸುತ್ತಾರಲ್ಲ, ಆ ಒಗರು ಚರ್ಮವನ್ನು ನೀರಿನಿಂದ ಕಾಯುತ್ತದೆ. ಚರ್ಮವನ್ನು ಕಾಯುವುದು ಸೋಯಾ ಹಿಂಡಿಯನ್ನು ಯಾಕೆ ಕಾಯಬಾರದು ಎನ್ನುವುದು ಅವರ ಪ್ರಶ್ನೆ. ಸೌದೆ ಅಡ್ಡೆಗಳಲ್ಲಿ ಬಿಸಾಡಿದ ತೊಗಟೆಯನ್ನು ನಾವು ಚೀಲಗಟ್ಟಲೆ ತಂದೆವು. ಒಗರು ಹೆಚ್ಚಾದರೆ ಅಂಟು ಗಡ್ಡೆ ಕಟ್ಟುತ್ತಿತ್ತು. ಕಡಿಮೆಯಾದರೆ ಬೋರ್ಡು ಬಿಚ್ಚಿಕೊಳ್ಳುತ್ತಿತ್ತು. ಬಿಸಿ ಹೆಚ್ಚಾದರೆ ಸುಟ್ಟು ಹೋಗುತ್ತಿತ್ತು. ಮತ್ತೆ ಮಾಡು, ಮತ್ತೆ ಕುದಿಸು, ಮತ್ತೆ ಬಿಸಾಡು.

ಪ್ಲೈವುಡ್ ಪರೀಕ್ಷೆ ಬಹಳ ಒರಟು. ತುಂಡನ್ನು ನೀರಿನಲ್ಲಿ ಗಂಟೆಗಟ್ಟಲೆ ಕುದಿಸಬೇಕು. ಆಮೇಲೆ ಹಾಳೆಗಳ ನಡುವೆ ಚಾಕು ತೂರಿಸಿ ಮೀಟಿ ಎಬ್ಬಬೇಕು. ಅಂಟು ಬಿಟ್ಟರೆ ಸೋತ ಹಾಗೆ. ಅಂಟು ಹಿಡಿದುಕೊಂಡು ಮರವೇ ಸಿಗಿದರೆ ಗೆದ್ದ ಹಾಗೆ.

ಒಂದು ಮಧ್ಯಾಹ್ನ ನಾನೇ ಚಾಕು ಹಿಡಿದಿದ್ದೆ. ಎಬ್ಬಿದೆ. ಬರಲಿಲ್ಲ. ಮತ್ತೆ ಎಬ್ಬಿದೆ. ಚರಕ್ ಎಂದು ಮರ ಸಿಗಿಯಿತು, ಅಂಟು ಹಾಗೆಯೇ ಇತ್ತು! ನಾನು ಕೂಗಿದೆ. ಎಲ್ಲರೂ ಓಡಿ ಬಂದರು. ಯಾರೋ ಮಿಠಾಯಿ ತರಲು ಆಗಲೇ ಚಪ್ಪಲಿ ಹಾಕಿಕೊಂಡರು. ಮೇಡಂ ತುಂಡನ್ನು ಬೆಳಕಿಗೆ ಹಿಡಿದು, ಹೀಗೆ ತಿರುಗಿಸಿ, ಹಾಗೆ ತಿರುಗಿಸಿ ನೋಡಿದರು. ಕಣ್ಣು ತುಂಬಿತ್ತು, ನಾನು ನೋಡಿದೆ. ಆದರೆ ಬಾಯಲ್ಲಿ ಬಂದ ಮಾತು — "ಇನ್ನೊಂದು ತುಂಡು ಕುದಸ್ರಿ. ಒಂದಕ್ಕ ನಂಬಬಾರ್ದು."

ಇನ್ನೊಂದೂ ಗೆದ್ದಿತು. ಮುಂದಿನ ವಾರದ್ದೂ ಗೆದ್ದಿತು. ಆ ವರ್ಷದ ಮಳೆಗಾಲವನ್ನೂ ಗೆದ್ದಿತು. ಆಮೇಲೆ ಮೇಡಂ ಕೊಟ್ಟ ಮಾತಿನಂತೆ ವನಜಾ ಅವರ ಕಚೇರಿಗೆ ಹೋದರು. ಆ ಹೊತ್ತಿಗೆ ಹಾಸ್ಟೆಲಿನ ಕೆಲಸ ಬೇರೆಯವರ ಪಾಲಾಗಿ ಮುಗಿದಿತ್ತು. ವನಜಾ ಅವರು ಅದನ್ನೇ ಹೇಳಿ, ಆಮೇಲೆ ಎಂದರು — ಹೊಸದಾಗಿ ಒಂದು ಕೋಣೆ ಕಟ್ಟುತ್ತಿದ್ದೇವೆ. ಚಿಕ್ಕ ಕೆಲಸ. ಆ ದಿನ ನೀವು ಹೇಳದೇ ಇದ್ದಿದ್ದರೆ ಈ ಕೋಣೆಯನ್ನೂ ಕೊಡುತ್ತಿರಲಿಲ್ಲ.

ಒಂದು ಕೋಣೆ. ಆ ಅಂಟಿಗೆ ಸಿಕ್ಕ ಮೊದಲ ಕೆಲಸ ಅದು.

ಮಂಚಗಳು ಹೋಗಿ ಸ್ವಲ್ಪ ದಿನದ ಮೇಲೆ ಮೇಡಂ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದರು. ಕಿಟಕಿ ಮುಚ್ಚಿಸಿದರು. ಇನ್‌ಹೇಲರನ್ನು ನನ್ನ ಕೈಗೆ ಕೊಟ್ಟರು. ಹಾಸಿಗೆ ಮಡಿಸಿ, ಬರಿ ಬೋರ್ಡಿನ ಮೇಲೆ ಕೆನ್ನೆ ಒತ್ತಿ ಮಲಗಿಬಿಟ್ಟರು. ನಾನು ಇನ್‌ಹೇಲರಿನ ಮುಚ್ಚಳ ತೆಗೆದು ಹಿಡಿದುಕೊಂಡು ನಿಂತೆ. ಹುಡುಗಿಯರು ಬಾಗಿಲಲ್ಲಿ ಗುಂಪು ಕಟ್ಟಿ ಕಿಸಿಕಿಸಿ ನಗುತ್ತಿದ್ದಾರೆ. ಒಬ್ಬಳು ಧೈರ್ಯ ಮಾಡಿ ಕೇಳಿದಳು, "ಏಂ ವಾಸನ ವಸ್ತೋಂದಿ ಮೇಡಂ?" ಏನು ವಾಸನೆ ಬರುತ್ತಿದೆ ಎಂದು. ಮೇಡಂ ಕಣ್ಣು ಮುಚ್ಚಿಕೊಂಡೇ, "ಏಮೀ ರಾವಟ್ಲೇದಮ್ಮಾ" ಎಂದರು. ಏನೂ ಬರುತ್ತಿಲ್ಲ ತಾಯಿ. ಆ ದಿನ ಅವರಿಗೆ ಇನ್‌ಹೇಲರ್ ಬೇಕಾಗಲಿಲ್ಲ.

ಸ್ನೇಹಿತರೇ, ಇವತ್ತು ನಮ್ಮ ಅಂಟಿನ ಬೋರ್ಡು ಹಲವು ಶಾಲೆಗಳಲ್ಲಿದೆ. ಥರ್ಮಾಕೋಲ್ ಬದಲು ನಮ್ಮ ಬೆಂಡಿನ ಇಟ್ಟಿಗೆಗಳಲ್ಲಿ ಗಾಜಿನ ಸಾಮಾನುಗಳು ಒಡೆಯದೆ ಊರು ಸೇರುತ್ತಿವೆ. ಕೌಸ್ತುಭ ಅವರು ಈಗ ತಮ್ಮದೇ ಪ್ಲೈವುಡ್ ಕಾರ್ಖಾನೆ ನಡೆಸುತ್ತಿದ್ದಾರೆ. ಹೋದ ವರ್ಷ ಅವರೇ ಮೇಡಂ ಮನೆಗೆ ಹೋಗಿ, "ಅಕ್ಕಾರ, ನನಗೂ ಕಲಿಸ್ರಿ" ಎಂದು ಕೇಳಿದರು. ಮೇಡಂ ಹಳೆಯದನ್ನು ಎತ್ತಲಿಲ್ಲ. ಚಹಾ ಕೊಟ್ಟರು, ಶೆಡ್ಡಿಗೆ ಕರೆತಂದು ಬೋರ್ಡು ಕುದಿಸಲು ಕೂರಿಸಿದರು. ಕೌಸ್ತುಭ ಅವರ ಒಂದು ಯಂತ್ರದಲ್ಲಿ ಈಗ ಪೂರ್ತಿ ಗಿಡದ ಅಂಟೇ ಓಡುತ್ತಿದೆ. ಉಳಿದ ಯಂತ್ರಗಳಲ್ಲಿ ಇನ್ನೂ ಇಲ್ಲ. ಅದನ್ನೂ ಹೇಳಿಬಿಡುತ್ತೇನೆ, ಅವರು ಬೇಸರ ಮಾಡಿಕೊಳ್ಳುವುದಿಲ್ಲ.

ಮತ್ತು — ಮೇಡಂ ಮಾಡಲಾಗದೇ ಹೋದ ಒಂದು ಕೆಲಸ ಇದೆ. ಅದನ್ನು ಮುಚ್ಚಿಟ್ಟರೆ ಅವರಿಗೆ ಸಿಟ್ಟು ಬರುತ್ತಿತ್ತು. ಹಾಸಿಗೆಯ ಫೋಮ್. ಹರಳೆಣ್ಣೆಯಿಂದ ಒಳ್ಳೆಯ ಮೆತ್ತನೆಯ ಫೋಮ್ ಆಗುತ್ತದೆ. ನಮ್ಮ ನಲ್ಗೊಂಡ, ಮಹಬೂಬ್‌ನಗರದ ಕಡೆ ಹರಳು ಬೇಕಾದಷ್ಟು ಬೆಳೆಯುತ್ತದೆ. ಆದರೆ ಅದನ್ನು ಉಬ್ಬಿಸಲು ಮತ್ತೆ ಅದೇ ಟಿಡಿಐ ಜಾತಿಯ ರಾಸಾಯನಿಕ ಬೇಕು. ಪೇಟೆಯಲ್ಲಿ ಕೆಲವರು ಅದನ್ನೇ ಗಿಡದ ಫೋಮ್ ಎಂದು ಮಾರುತ್ತಾರೆ. ಮೇಡಂ ಅದಕ್ಕೆ "ಅರ್ಧ ಗಿಡ, ಅರ್ಧ ಡ್ರಮ್ಮು" ಎನ್ನುತ್ತಿದ್ದರು. ಆ ಅರ್ಧ ಡ್ರಮ್ಮನ್ನು ಬಿಟ್ಟು ಫೋಮ್ ಮಾಡಬೇಕು ಎನ್ನುವುದು ಅವರ ಕೊನೆಯ ಹಟ. ಈಗ ನಮ್ಮ ಮೇಜಿನ ಮೇಲಿರುವ ತುಂಡು ಉಬ್ಬುತ್ತದೆ, ಆದರೆ ಒತ್ತಿದರೆ ಒತ್ತಿದ ಹಾಗೇ ಕೂತುಬಿಡುತ್ತದೆ, ಮೇಲೆ ಏಳುವುದಿಲ್ಲ. ಅಲ್ಲಿಗೆ ನಿಂತಿದೆ.

ನಿಂತಿದೆ, ಮುಗಿದಿಲ್ಲ. ಮೇಡಂ ಅವರ ಹಳೆಯ ಕಾರ್ಖಾನೆಯಲ್ಲಿ ಫೋಮ್ ಮಾಡುವವರು ಇವತ್ತೂ ಪಾಳಿಯಲ್ಲಿದ್ದಾರೆ. ಅವರಲ್ಲಿ ಇಬ್ಬರು ರಜೆ ಸಿಗದೆ ಸಭೆಗೆ ಬರಲಾಗಲಿಲ್ಲ, ಸಂದೇಶ ಕಳಿಸಿದ್ದಾರೆ. ಅವರು ಆ ಹಬೆಯ ಮುಂದೆ ನಿಂತಿರುವವರೆಗೆ ನಮ್ಮ ಕೆಲಸ ಮುಗಿಯುವುದಿಲ್ಲ. ಸೋಮವಾರ ಶೆಡ್ಡು ತೆರೆಯುತ್ತೇವೆ. ಮೇಡಂ ಅವರ ಮಗಳು ಶರ್ವರಿ ನಮ್ಮ ಜೊತೆ ಬರುತ್ತಾಳೆ. ಅಮ್ಮನ ಹೆಸರು ಉಳಿಸಲು ಅಲ್ಲ, ತನಗೆ ಕೆಲಸ ಇಷ್ಟ, ಅದಕ್ಕೆ — ಹಾಗೆಂದು ಸ್ಪಷ್ಟವಾಗಿ ಹೇಳಬೇಕೆಂದು ಅವಳೇ ತಾಕೀತು ಮಾಡಿದ್ದಾಳೆ. ಅಂಟು ಮಾಡುವ ಕ್ರಮವನ್ನು ಕಲಿಯಲು ಯಾರೇ ಬಂದರೂ ಕಲಿಸುತ್ತೇವೆ. ಇದು ಮೇಡಂ ಇದ್ದಾಗಲೇ ಆದ ತೀರ್ಮಾನ.

ಆಸ್ಪತ್ರೆಯಲ್ಲಿ ಕೊನೆಯ ಸಲ ಅವರ ಹತ್ತಿರ ಕೂತಿದ್ದೆ. ಆಮ್ಲಜನಕದ ಮುಖವಾಡ ಹಾಕಿದ್ದರು, ಮಾತು ತುಂಡುತುಂಡು. ಅವರಿಗೆ ಸಂತೋಷವಾಗಲಿ ಎಂದು ನಾನು, "ಮೇಡಂ, ಆ ಫೋಮ್ ಆಗೇ ಆಗುತ್ತೆ. ಆದ ದಿನ ಅದಕ್ಕೆ ನಿಮ್ಮ ಹೆಸರನ್ನೇ ಇಡುತ್ತೇವೆ" ಎಂದೆ. ಅವರು ಮುಖವಾಡ ಪಕ್ಕಕ್ಕೆ ಸರಿಸಿದರು. ನರ್ಸ್ ಗದರಿದಳು. ಕೇಳಲಿಲ್ಲ.

"ನನ್ನ ಹೆಸರು ಬ್ಯಾಡ್ರಿ, ಕೇದಾರ್," ಎಂದರು. "ಅದರಾಗ ಏನೇನ್ ಹಾಕೀರಿ, ಅದನ್ನ ಬರೀರಿ."

ಬರೆಯುತ್ತೇವೆ ಮೇಡಂ.

ಬಂಧುಗಳೇ, ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಏಳಲು ಕಷ್ಟವಾಗುವ ಹಿರಿಯರು ಕೂತೇ ಇರಬಹುದು. ಡಾ. ಕುಮುದಾ ಹುನಗುಂದ ಅವರಿಗಾಗಿ ಈಗ ಒಂದು ನಿಮಿಷ — ಮಾತಿಲ್ಲದೆ ನಿಲ್ಲೋಣ.